ಮಂಡ್ಯದಲ್ಲಿ ಕೂತು ಒಂದು ಜ್ವಾಲಾಮುಖಿ ದ್ವೀಪದ ಹಳ್ಳಿಯನ್ನು ತಿಳಿದುಕೊಳ್ಳುವುದು ಹೇಗೆ

ನಮ್ಮ ಅಕ್ಕನ ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಒಂದು ದ್ವೀಪದ ಬಗ್ಗೆ ಪ್ರಾಜೆಕ್ಟ್ ಮಾಡಿಕೊಂಡು ಬನ್ನಿ ಅಂದರು. ಕ್ಲಾಸಿನ ಅರ್ಧ ಮಕ್ಕಳು ಅಂಡಮಾನ್, ಇನ್ನರ್ಧ ಲಕ್ಷದ್ವೀಪ. ಇವಳಿಗೆ ಮಾತ್ರ ಯಾರೂ ಕೇಳಿರದ ಊರು ಬೇಕಿತ್ತು. ಮೊಬೈಲಿನಲ್ಲಿ ಹುಡುಕಿ ಹುಡುಕಿ ತಂದಿದ್ದು ಟ್ರಿಸ್ಟನ್ ಡ ಕೂನ್ಯ. ದಕ್ಷಿಣ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಒಂದು ಜ್ವಾಲಾಮುಖಿ, ಅದರ ಬುಡದಲ್ಲಿ ಒಂದೇ ಒಂದು ಹಳ್ಳಿ, ಹಳ್ಳಿಯಲ್ಲಿ ಇನ್ನೂರೈವತ್ತಕ್ಕಿಂತ ಕಡಿಮೆ ಜನ. ಊರಿನ ಹೆಸರು ಎಡಿನ್‌ಬರ್ಗ್ ಆಫ್ ದ ಸೆವೆನ್ ಸೀಸ್, ಅಂದರೆ ಏಳು ಸಮುದ್ರದ ಎಡಿನ್‌ಬರ್ಗ್. ಏಳು ಸಮುದ್ರದಾಚೆ ಒಂದೂರಿತ್ತಂತೆ ಅಂತ ಅಜ್ಜಿ ಕಥೆ ಶುರು ಮಾಡುತ್ತಿದ್ದರಲ್ಲ, ಆ ವಿಳಾಸ ನಿಜವಾಗಲೂ ಇದೆ ಅಂತ ನನಗೆ ಗೊತ್ತಾದದ್ದು ಆವತ್ತೇ.

ಮೊದಲ ಸಲ ನಾವು ಮಾಡಿದ ಚಾರ್ಟು ಚೆನ್ನಾಗೇ ಇತ್ತು. ಬಣ್ಣದ ಫೋಟೋ, ಮಧ್ಯೆ ಬಾವುಟ, ಕೆಳಗೆ ಇಸವಿಗಳ ಸಾಲು. ಮೇಷ್ಟ್ರು ಎಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರಂತೆ: "ಅಷ್ಟು ದೂರದಲ್ಲಿ ಯಾಕಮ್ಮ ಜನ ಇದ್ದಾರೆ?" ಇವಳ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಹತ್ತಿರವೂ ಇರಲಿಲ್ಲ. ಆಮೇಲೆ ಎರಡು ತಿಂಗಳು ಇಬ್ಬರೂ ಕೂತು ಎಲ್ಲವನ್ನೂ ತಿರುಗಾ ಮಾಡಿದೆವು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮಗುವಿನ ಪ್ರಾಜೆಕ್ಟಿಗೆ ಆಗಬಹುದು, ಸುಮ್ನೆ ಕುತೂಹಲಕ್ಕೂ ಆಗಬಹುದು. ಬೇರೆ ಯಾವ ದ್ವೀಪ ತೆಗೆದುಕೊಂಡರೂ ದಾರಿ ಇದೇ. ನಾನು ಟ್ರಿಸ್ಟನ್ನನ್ನೇ ಇಟ್ಟುಕೊಂಡು ಹೇಳುತ್ತೇನೆ.

ತಾರೀಖು ಆಮೇಲೆ, ಮೊದಲು ನೆಲ

ನಾವು ಮಾಡಿದ ದೊಡ್ಡ ತಪ್ಪು ಇಸವಿಯಿಂದ ಶುರು ಮಾಡಿದ್ದು. ನಕ್ಷೆಯಿಂದ ಶುರು ಮಾಡಿ. ಗೂಗಲ್ ಅರ್ಥ್ ತೆರೆದು 37 ಡಿಗ್ರಿ ದಕ್ಷಿಣ, 12 ಡಿಗ್ರಿ ಪಶ್ಚಿಮ ಅಂತ ಹುಡುಕಿ. ಸುತ್ತ ಎಲ್ಲಾ ನೀಲಿ. ಆ ನೀಲಿಯ ನಡುವೆ ಒಂದು ದುಂಡಗಿನ ಚುಕ್ಕಿ. ಹತ್ತಿರಕ್ಕೆ ಹೋಗುತ್ತಾ ಹೋಗುತ್ತಾ ಮೂರೇ ಪ್ರಶ್ನೆ ಕೇಳಿಕೊಳ್ಳಿ. ಮನೆ ಕಟ್ಟುವಷ್ಟು ಸಮತಟ್ಟು ಜಾಗ ಎಲ್ಲಿದೆ? ಕುಡಿಯುವ ನೀರು ಎಲ್ಲಿಂದ ಬರುತ್ತದೆ? ದೋಣಿಯಿಂದ ಎಲ್ಲಿ ಇಳಿಯಬಹುದು?

ಜ್ವಾಲಾಮುಖಿ ದ್ವೀಪ ಅಂದರೆ ಸಮುದ್ರದ ತಳದಿಂದ ಎದ್ದ ಬೆಟ್ಟದ ತುದಿ ಅಷ್ಟೇ. ಬೆಟ್ಟದ ತುದಿಯಲ್ಲಿ ಬಯಲು ಎಲ್ಲಿಂದ ಬರಬೇಕು? ಟ್ರಿಸ್ಟನ್ನಿನಲ್ಲಂತೂ ಬಹುಪಾಲು ಕಡೆ ಸಮುದ್ರದಿಂದ ನೇರವಾಗಿ ಗೋಡೆಯಂತೆ ಕಡಿದಾದ ಬಂಡೆ ಏಳುತ್ತದೆ, ಕೆಲವು ಕಡೆ 600 ಮೀಟರ್ ತನಕ. ಅದರ ಮೇಲೆ ಸ್ವಲ್ಪ ಇಳಿಜಾರಿನ ಅಟ್ಟದಂಥ ಜಾಗ. ಅಲ್ಲಿಯವರು ಅದನ್ನು 'ಬೇಸ್' ಅನ್ನುತ್ತಾರೆ. ಹೆಸರು ಕೇಳಿ ತಳದಲ್ಲಿದೆ ಅಂದುಕೊಳ್ಳಬೇಡಿ, ನಾವು ಅಂದುಕೊಂಡು ಮೋಸಹೋಗಿದ್ದೆವು. ಆ ಅಟ್ಟದ ಮೇಲೆ ಶಿಖರ. ಹೆಸರು ಕ್ವೀನ್ ಮೇರಿಸ್ ಪೀಕ್, ಎತ್ತರ 2,062 ಮೀಟರ್.

ಇನ್ನು ಊರು? ವಾಯವ್ಯ ಮೂಲೆಯಲ್ಲಿ ಬಂಡೆಗೂ ಸಮುದ್ರಕ್ಕೂ ನಡುವೆ ಒಂದು ಸಣ್ಣ ಪಟ್ಟಿ ಬಯಲಿದೆ. ಬೆಟ್ಟದಿಂದ ತೊರೆ ಇಳಿಯುವುದು ಅಲ್ಲಿ, ದೋಣಿ ಎಳೆದು ಹಾಕುವಂಥ ಕಡಲ ದಂಡೆ ಇದ್ದದ್ದೂ ಅಲ್ಲೇ. ಮೂರು ಪ್ರಶ್ನೆಗೂ ಒಂದೇ ಬೆರಳು ಒಂದೇ ಜಾಗ ತೋರಿಸುತ್ತದೆ. ಊರು ಅಲ್ಲೇ ಇದೆ. ಇದನ್ನು ನನ್ನ ಸೋದರಸೊಸೆ ಯಾರೂ ಹೇಳಿಕೊಡದೆ ನಕ್ಷೆ ನೋಡಿಯೇ ಕಂಡುಹಿಡಿದಳು. ನೀವೂ ಮಕ್ಕಳಿಗೆ ಉತ್ತರ ಹೇಳಬೇಡಿ, ಹುಡುಕಲು ಬಿಡಿ.

ಅಳತೆಗೆ ಚಾಮುಂಡಿ ಬೆಟ್ಟ

2,062 ಮೀಟರ್ ಅಂದರೆ ತಲೆಗೆ ಏನೂ ಹೋಗುವುದಿಲ್ಲ, ಅಲ್ವಾ? ಯಾವಾಗಲೂ ನಿಮ್ಮ ಕಾಲಿಗೆ ಗೊತ್ತಿರುವ ಜಾಗವನ್ನು ಅಳತೆಗೋಲು ಮಾಡಿಕೊಳ್ಳಿ. ಚಾಮುಂಡಿ ಬೆಟ್ಟ ಮೈಸೂರಿನ ನೆಲಮಟ್ಟದಿಂದ ಸುಮಾರು 300 ಮೀಟರ್ ಎತ್ತರ. ಸಾವಿರ ಮೆಟ್ಟಿಲು ಹತ್ತಿ ನಂದಿ ಹತ್ತಿರ ಏದುಸಿರು ಬಿಟ್ಟವರಿಗೆ ಆ 300 ಮೀಟರ್ ಏನು ಅಂತ ಗೊತ್ತು. ಅಂಥ ಏಳು ಬೆಟ್ಟ ಒಂದರ ಮೇಲೊಂದು ಇಟ್ಟರೆ ಟ್ರಿಸ್ಟನ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತ ಅದು ನೂರು ಮೀಟರಿಗೂ ಜಾಸ್ತಿ. ಮುಳ್ಳಯ್ಯನಗಿರಿಗಾದರೆ ಕೆಳಗೆ ಇಡೀ ಮಲೆನಾಡು ಮೆಟ್ಟಿಲಿನಂತೆ ನಿಂತಿದೆ. ಇದು ನೀರಿನಿಂದಲೇ ನೇರ ಎದ್ದದ್ದು.

ಅಗಲ ಎಷ್ಟು? ಸುಮಾರು 12 ಕಿಲೋಮೀಟರ್. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದೂರಕ್ಕಿಂತ ಕಡಿಮೆ. ವಿಸ್ತೀರ್ಣ ಸುಮಾರು 98 ಚದರ ಕಿಲೋಮೀಟರ್. ಮಂಡ್ಯದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 700 ಮಿಲಿಮೀಟರ್ ಮಳೆ, ಅಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು. ಜನ ವಾಸಿಸುವ ಹತ್ತಿರದ ನೆಲ ಸೇಂಟ್ ಹೆಲೆನಾ ದ್ವೀಪ, 2,400 ಕಿಲೋಮೀಟರಿಗೂ ಆಚೆ. ಹೆಚ್ಚುಕಡಿಮೆ ಮೈಸೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋದಷ್ಟು. ಅಂದರೆ ನಮ್ಮ ಪಕ್ಕದ ಊರು ದೆಹಲಿ, ನಡುವೆ ಒಂದು ಟೀ ಅಂಗಡಿಯೂ ಇಲ್ಲ, ಬರೀ ನೀರು. ವಿಮಾನ ನಿಲ್ದಾಣ ಇಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಟೌನಿನಿಂದ ಹಡಗಿನಲ್ಲಿ ಒಂದು ವಾರದ ಪ್ರಯಾಣ, ಅದೂ ವರ್ಷಕ್ಕೆ ಕೆಲವೇ ಸಲ.

ಗಡಿಯಾರವನ್ನೂ ಹೋಲಿಸಿ ನೋಡಿ. ಅವರು ನಮಗಿಂತ ಐದೂವರೆ ಗಂಟೆ ಹಿಂದೆ. ಕಾಲವೂ ತಿರುವುಮುರುವು, ನಮ್ಮ ದಸರಾ ಹೊತ್ತಿಗೆ ಅಲ್ಲಿ ವಸಂತ.

ಕೈಯಾರೆ ಮಾಡಿ ನೋಡಿ

ಇದು ಬಿಡಬೇಡಿ. ಓದಿದ್ದು ಮರೆತುಹೋಗುತ್ತದೆ, ಕೈಗೆ ಅಂಟಿದ್ದು ಮರೆಯುವುದಿಲ್ಲ. ಮಟ್ಟದ ಗೆರೆಗಳಿರುವ ನಕ್ಷೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಿರುವುದು, ಒಂದು ಪ್ರಿಂಟ್ ತೆಗೆಸಿಕೊಳ್ಳಿ. ಅರ್ಧ ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಲೆಕ್ಕ ಹಿಡಿದರೆ ದ್ವೀಪ 24 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರಿಗೆ ಚೂರು ಮೇಲೆ ಎತ್ತರ ಬರುತ್ತದೆ. ಹಳೇ ರಟ್ಟಿನ ಡಬ್ಬಿ ಕತ್ತರಿಸಿ ಪದರ ಪದರವಾಗಿ ಅಂಟಿಸಿ, ಮೇಲೆ ಪೇಪರ್ ತಿರುಳು ಅಥವಾ ಜೇಡಿಮಣ್ಣು ಮೆತ್ತಿ. ಬೆಟ್ಟ ಚಪ್ಪಟೆ ಕಾಣುತ್ತದೆ ಅಂತ ಎಲ್ಲರೂ ಎತ್ತರ ಎರಡು ಪಟ್ಟು ಮಾಡುತ್ತಾರೆ. ಮಾಡಿ, ಆದರೆ ಪಕ್ಕದಲ್ಲಿ ಹಾಗೆ ಮಾಡಿದ್ದೇವೆ ಅಂತ ಬರೆಯಿರಿ. ಇಲ್ಲದಿದ್ದರೆ ಅದು ಸುಳ್ಳು ಬೆಟ್ಟ.

ನಾವು ಮೊದಲನೆಯದನ್ನು ಮಹಡಿ ಮೇಲೆ ಒಣಗಲು ಇಟ್ಟು ಮರೆತೆವು. ರಾತ್ರಿ ಮಳೆ. ಬೆಳಗ್ಗೆ ನೋಡಿದರೆ ದ್ವೀಪವೇ ಮುಳುಗಿತ್ತು.

ಲಾವಾ ಹೇಗೆ ಹರಿಯುತ್ತದೆ ಅಂತ ತಿಳಿಯಬೇಕಾದರೆ ನಮ್ಮ ಜಿಲ್ಲೆಯವರು ಪುಣ್ಯವಂತರು. ಯಾವುದಾದರೂ ಆಲೆಮನೆಗೆ ಹೋಗಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಶುರುವಿನಲ್ಲಿ ತೆಳುವಾಗಿರುತ್ತದೆ, ಚೆಲ್ಲಿದರೆ ನೆಲದ ತುಂಬಾ ಹರಡುತ್ತದೆ. ಪಾಕ ಗಟ್ಟಿಯಾದ ಮೇಲೆ ಅದೇ ಸೌಟಿನಿಂದ ಹಾಕಿದರೆ ಬಿದ್ದಲ್ಲೇ ಗುಡ್ಡೆಯಾಗಿ ಕೂರುತ್ತದೆ, ಮೇಲೆ ಕೆನೆ ಕಟ್ಟುತ್ತದೆ, ಒಳಗಿನ ಬಿಸಿ ಪಾಕ ಪಕ್ಕದಿಂದ ಒಡೆದುಕೊಂಡು ಬರುತ್ತದೆ. ಲಾವಾದಲ್ಲೂ ಇವೆರಡೂ ಜಾತಿ ಇವೆ. ತೆಳು ಲಾವಾ ದೂರ ಹೋಗುತ್ತದೆ. ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲಿನ ಬಯಲು ಹಾಗೆ ಆರೂವರೆ ಕೋಟಿ ವರ್ಷದ ಹಿಂದೆ ಹರಡಿ ತಣ್ಣಗಾದದ್ದು. ಗಟ್ಟಿ ಲಾವಾ ಗುಮ್ಮಟ ಕಟ್ಟುತ್ತದೆ. ಟ್ರಿಸ್ಟನ್ನಿನಲ್ಲಿ 1961ರಲ್ಲಿ ಊರ ಪಕ್ಕ ಎದ್ದದ್ದು ಇಂಥ ಗುಮ್ಮಟ. ಆ ಕಥೆಗೆ ಆಮೇಲೆ ಬರುತ್ತೇನೆ. ಆಲೆಮನೆಯವರು ಬೈಯದಂತೆ ದೂರ ನಿಂತು ನೋಡಿ, ಪಾಕ ಮೈಮೇಲೆ ಬಿದ್ದರೆ ಲಾವಾಕ್ಕಿಂತ ಕಡಿಮೆ ಏನಲ್ಲ.

ಶ್ರೀರಂಗಪಟ್ಟಣದಲ್ಲಿ ಒಂದು ದಿನ

ದ್ವೀಪ ಅಂದರೇನು ಅಂತ ಕಾಲಿಗೆ ಗೊತ್ತಾಗಬೇಕು. ನಮ್ಮ ಹತ್ತಿರವೇ ಒಂದಿದೆ, ದಿನಾ ಬಸ್ಸಿನಲ್ಲಿ ದಾಟುತ್ತೇವೆ, ಗಮನಿಸುವುದಿಲ್ಲ ಅಷ್ಟೇ. ಶ್ರೀರಂಗಪಟ್ಟಣ ಜ್ವಾಲಾಮುಖಿ ಅಲ್ಲ, ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡುವ ನಡುವಿನ ನೆಲ. ಆದರೆ ನಾವು ಕೇಳಿದ ಪ್ರಶ್ನೆಗಳು ಇಲ್ಲೂ ಕೆಲಸ ಮಾಡುತ್ತವೆ.

ಬೆಳಗ್ಗೆ ಬಿಸಿಲೇರುವ ಮೊದಲು ಪಶ್ಚಿಮದ ತುದಿಯಲ್ಲಿ, ಕೋಟೆ ಹತ್ತಿರ ಶುರು ಮಾಡಿ. ಹೊಳೆ ಎಲ್ಲಿ ಸೀಳುತ್ತದೆ ನೋಡಿ. ಕೋಟೆಯನ್ನು ಆ ತುದಿಯಲ್ಲೇ ಯಾಕೆ ಕಟ್ಟಿದರು ಅಂತ ಯೋಚಿಸಿ. ಎರಡು ಕಡೆ ನೀರು ಕಂದಕದ ಕೆಲಸ ಮಾಡುತ್ತದೆ. ಆಮೇಲೆ 1799ರ ಮೇ 4ನ್ನು ಹೊಳೆಯ ಕಣ್ಣಿನಿಂದ ನೋಡಿ. ಅಂದು ಬ್ರಿಟಿಷರ ಸೈನ್ಯ ಒಡೆದ ಗೋಡೆಯ ಕಡೆಗೆ ಹೊಳೆ ದಾಟಿಕೊಂಡೇ ನುಗ್ಗಿತು. ಮೇ ತಿಂಗಳ ಕಾವೇರಿ ಹೇಗಿರುತ್ತದೆ ಅಂತ ಮಂಡ್ಯದವರಿಗೆ ಹೇಳಿಕೊಡಬೇಕಾ? ಮುಂಗಾರು ಬಂದು ಹೊಳೆ ತುಂಬಿದ್ದರೆ ಆ ದಾಟು ಆಗುತ್ತಿರಲಿಲ್ಲ, ಅದಕ್ಕೇ ಅವರಿಗೆ ಅಷ್ಟು ಅವಸರ. ಇಸವಿ ಬಾಯಿಪಾಠ ಮಾಡಿದಾಗ ಇದು ಯಾವತ್ತೂ ಹೊಳೆದಿರಲಿಲ್ಲ. ನೀರಿನ ಮಟ್ಟ ನೋಡಿದಾಗ ಹೊಳೆಯಿತು.

ಅಲ್ಲಿಂದ ಪೂರ್ವಕ್ಕೆ, ದರಿಯಾ ದೌಲತ್, ಗಂಜಾಂ, ಗುಂಬಜ್ ದಾಟಿ ಸಂಗಮದ ತನಕ ನಡೆಯಿರಿ. ನಾಲ್ಕೈದು ಕಿಲೋಮೀಟರಿನಲ್ಲಿ ದ್ವೀಪ ಮುಗಿಯಿತು. ನೆಲ ಮುಗಿದು ಎದುರಿಗೆ ನೀರು ಬಂದಾಗ ಒಂದು ನಿಮಿಷ ಸುಮ್ಮನೆ ನಿಲ್ಲಿ. ಟ್ರಿಸ್ಟನ್ನಿನವರಿಗೆ ಯಾವ ದಿಕ್ಕಿಗೆ ನಡೆದರೂ ಇದೇ. ಅಣೆಕಟ್ಟೆಯಿಂದ ನೀರು ಬಿಟ್ಟಿರುವ ದಿನಗಳಲ್ಲಿ ದಡಕ್ಕೆ ಇಳಿಯಬೇಡಿ, ಫೋಟೋ ಹುಚ್ಚು ಬೇಡ.

ಯಾರು ಬಂದರು, ಯಾಕೆ ಉಳಿದರು

ಈಗ ಇತಿಹಾಸ. 1506ರಲ್ಲಿ ಪೋರ್ಚುಗೀಸ್ ನಾವಿಕ ಟ್ರಿಸ್ಟಾವ್ ಡ ಕೂನ್ಯ ಈ ದ್ವೀಪ ಕಂಡ. ಇಳಿಯಲಾಗಲಿಲ್ಲ, ಹೆಸರು ಬಿಟ್ಟು ಹೋದ. ಅವನು ಹೊರಟಿದ್ದು ಎಲ್ಲಿಗೆ ಅಂದುಕೊಂಡಿರಿ? ನಮ್ಮ ಕಡೆಗೇ, ಇಂಡಿಯಾಕ್ಕೆ. ಯೂರೋಪಿನಿಂದ ಇಲ್ಲಿಗೆ ಬರುವ ಹಾಯಿ ಹಡಗುಗಳು ಗಾಳಿ ಹಿಡಿಯಲು ಅಟ್ಲಾಂಟಿಕಿನ ದಕ್ಷಿಣಕ್ಕೆ ದೊಡ್ಡ ಸುತ್ತು ಹಾಕಿ ಬರುತ್ತಿದ್ದವು, ಆ ಸುತ್ತಿನ ಹತ್ತಿರ ಈ ದ್ವೀಪ. 1810ರಲ್ಲಿ ಜೋನಾಥನ್ ಲ್ಯಾಂಬರ್ಟ್ ಅನ್ನುವ ಅಮೆರಿಕದವನೊಬ್ಬ ಬಂದು ಇದು ನನ್ನದು ಅಂತ ಘೋಷಿಸಿಕೊಂಡ. ಎರಡು ವರ್ಷಕ್ಕೆ ಸಮುದ್ರ ಅವನನ್ನು ನುಂಗಿತು.

ಊರು ಹುಟ್ಟಿದ್ದು ನೆಪೋಲಿಯನ್ನನ ದೆಸೆಯಿಂದ. ವಾಟರ್‌ಲೂ ಯುದ್ಧದಲ್ಲಿ ಸೋತ ಅವನನ್ನು ಬ್ರಿಟಿಷರು 1815ರಲ್ಲಿ ಸೇಂಟ್ ಹೆಲೆನಾದಲ್ಲಿ ಸೆರೆ ಇಟ್ಟರು. ಯಾರಾದರೂ ಟ್ರಿಸ್ಟನ್ನಿನಲ್ಲಿ ಅಡಗಿ ಕೂತು ಅವನನ್ನು ಬಿಡಿಸಿಕೊಂಡು ಹೋದರೆ ಅನ್ನುವ ಭಯಕ್ಕೆ 1816ರಲ್ಲಿ ಈ ದ್ವೀಪಕ್ಕೂ ಸೈನಿಕರನ್ನು ತಂದು ಇಳಿಸಿದರು. ದೆಹಲಿಯಲ್ಲಿ ಕಳ್ಳ ಇದ್ದಾನೆ ಅಂತ ಮೈಸೂರಿನಲ್ಲಿ ಬಾಗಿಲು ಹಾಕಿದ ಹಾಗೆ. ಒಂದು ವರ್ಷಕ್ಕೆ ಅವರಿಗೇ ಇದು ದಂಡ ಅನ್ನಿಸಿ 1817ರಲ್ಲಿ ಸೈನ್ಯ ವಾಪಸ್ ಹೊರಟಿತು. ಆಗ ವಿಲಿಯಂ ಗ್ಲಾಸ್ ಅನ್ನುವ ಸ್ಕಾಟ್ಲೆಂಡಿನ ಕಾರ್ಪೊರಲ್ ಹೆಂಡತಿ ಮಕ್ಕಳ ಜೊತೆ ಇಲ್ಲೇ ಇರುತ್ತೇನೆ ಅಂದ. ಇಬ್ಬರು ಕಲ್ಲುಕುಟಿಗರು ಜೊತೆ ನಿಂತರು. ಮೂವರೂ ಒಂದು ಕಾಗದ ಬರೆದುಕೊಂಡರು: ದನಕರು ಸಾಮಾನು ಎಲ್ಲದರಲ್ಲೂ ಸಮಪಾಲು, ಯಾರೂ ಯಾರಿಗೂ ದೊಡ್ಡವರಲ್ಲ. ಇವತ್ತಿಗೂ ಅಲ್ಲಿ ನೆಲ ಊರಿನವರೆಲ್ಲರ ಸೊತ್ತು. ನಾಲೆ ನೀರಿನ ಸರದಿಗೆ ಗುದ್ದಲಿ ಹಿಡಿದು ಜಗಳಕ್ಕೆ ನಿಲ್ಲುವ ಊರಿನವನು ನಾನು, ಆ ಕಾಗದದ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನಾದೆ.

ಇಲ್ಲಿ ನಿಮಗೊಂದು ಕಿವಿಮಾತು. ದೂರದ ಊರಿನ ಇತಿಹಾಸ ಓದುವಾಗ ಅದರ ಎಳೆ ಹಿಡಿದು ಹಿಂದಕ್ಕೆ ಎಳೆಯುತ್ತಾ ಹೋಗಿ, ಎಲ್ಲೋ ಒಂದು ಕಡೆ ನಿಮ್ಮ ಊರಿಗೇ ಬಂದು ತಗಲಿಕೊಳ್ಳುತ್ತದೆ. ನಮಗೆ ತಗಲಿಕೊಂಡಿದ್ದು ಹೀಗೆ. ನೆಪೋಲಿಯನ್ 1799ರ ಶುರುವಿನಲ್ಲಿ ಈಜಿಪ್ಟಿನಿಂದ ಟಿಪ್ಪುವಿಗೆ ಪತ್ರ ಬರೆದಿದ್ದ. ಆ ಪತ್ರ ಶ್ರೀರಂಗಪಟ್ಟಣ ಮುಟ್ಟುವ ಮೊದಲೇ ಬ್ರಿಟಿಷರ ಕೈಗೆ ಸಿಕ್ಕಿತು. ಟಿಪ್ಪು ಬಿದ್ದ ಮೇಲೆ ಪಟ್ಟಣದ ಅಧಿಕಾರ ವಹಿಸಿಕೊಂಡವನು ಆರ್ಥರ್ ವೆಲ್ಲೆಸ್ಲಿ. 1805ರಲ್ಲಿ ಅವನು ಊರಿಗೆ ಮರಳುವಾಗ ಹಡಗು ಸೇಂಟ್ ಹೆಲೆನಾದಲ್ಲಿ ನಿಂತಿತು. ಅವನು ಇಳಿದುಕೊಂಡ 'ದ ಬ್ರೈಯರ್ಸ್' ಅನ್ನುವ ಬಂಗಲೆಯಲ್ಲೇ ಹತ್ತು ವರ್ಷದ ಮೇಲೆ ಸೆರೆಯಾಳು ನೆಪೋಲಿಯನ್ನನೂ ಮೊದಲ ಕೆಲವು ವಾರ ಉಳಿದ. ಅವನನ್ನು ವಾಟರ್‌ಲೂನಲ್ಲಿ ಸೋಲಿಸಿ ಅಲ್ಲಿಗೆ ಕಳಿಸಿದವನು ಅದೇ ವೆಲ್ಲೆಸ್ಲಿ, ಅಷ್ಟೊತ್ತಿಗೆ ಡ್ಯೂಕ್ ಆಫ್ ವೆಲಿಂಗ್ಟನ್. ಆ ಸೆರೆಯ ಕಾವಲಿಗಾಗಿ ಹುಟ್ಟಿದ್ದು ಟ್ರಿಸ್ಟನ್ನಿನ ಹಳ್ಳಿ. ಪಟ್ಟಣದ ವೆಲ್ಲೆಸ್ಲಿ ಸೇತುವೆ ಮೇಲೆ ನಿಂತು ಇದನ್ನು ಅವಳಿಗೆ ಹೇಳಿದೆ. ಸೇತುವೆ ಹೆಸರು ಇವನದ್ದಲ್ಲ, ಗವರ್ನರ್ ಜನರಲ್ ಆಗಿದ್ದ ಇವನ ಅಣ್ಣನದ್ದು. ಕಟ್ಟಿಸಿದ್ದು ಪೂರ್ಣಯ್ಯ, 1804ರಲ್ಲಿ. ಗೊಂದಲ ಮಾಡಿಕೊಳ್ಳಬೇಡಿ, ನಾನು ಮೊದಲು ಮಾಡಿಕೊಂಡಿದ್ದೆ.

ಮನೆತನ ಎಣಿಸಿ, ಹೆಸರು ಕೇಳಿ

ಸಣ್ಣ ಊರಿನ ಇತಿಹಾಸ ಮನೆತನಗಳಲ್ಲಿ ಇರುತ್ತದೆ. ನಮ್ಮ ಹಳ್ಳಿಗಳಲ್ಲೂ ಅಷ್ಟೇ, ಪಟೇಲರ ಮನೆ, ಶಾನುಭೋಗರ ಮನೆ, ಯಾವ ಮನೆಯವರು ಎಲ್ಲಿಂದ ಬಂದು ನೆಲೆಸಿದರು ಅಂತ ಹಿರಿಯರಿಗೆ ಬಾಯಲ್ಲೇ ಇರುತ್ತದೆ. ಟ್ರಿಸ್ಟನ್ನಿನಲ್ಲಿ ಬಹುಕಾಲ ಇದ್ದದ್ದು ಏಳೇ ಮನೆತನ: ಗ್ಲಾಸ್, ಸ್ವೇನ್, ಗ್ರೀನ್, ರಾಜರ್ಸ್, ಹೇಗನ್, ರೆಪೆಟ್ಟೊ, ಲವರೆಲ್ಲೊ. ಒಂದೊಂದು ಹೆಸರಿನ ಮುಂದೆ ಹೇಗೆ ಬಂದರು ಅಂತ ಬರೆದರೆ ಅರ್ಧ ಇತಿಹಾಸ ಮುಗಿಯಿತು. ಗ್ರೀನ್ ಅಂದರೆ 1836ರಲ್ಲಿ ಹಡಗು ಒಡೆದು ದಡ ಸೇರಿದ ಡಚ್ ನಾವಿಕ, ಮೂಲ ಹೆಸರು ಪೀಟರ್ ಗ್ರೂನ್. ರಾಜರ್ಸ್, ಹೇಗನ್ ಇಬ್ಬರೂ ಅಮೆರಿಕದ ತಿಮಿಂಗಿಲ ಬೇಟೆಯವರು. ರೆಪೆಟ್ಟೊ, ಲವರೆಲ್ಲೊ 1892ರಲ್ಲಿ ಒಡೆದ ಇಟಲಿಯ ಹಡಗಿನಿಂದ ಬಂದವರು. ಹಡಗು ಒಡೆದಾಗಲೆಲ್ಲ ಊರಿಗೆ ಒಂದು ಹೊಸ ಅಡ್ಡಹೆಸರು.

ಹೆಂಗಸರು? 1827ರಲ್ಲಿ ಒಂಟಿ ಗಂಡಸರು ಒಬ್ಬ ಹಡಗಿನ ಕ್ಯಾಪ್ಟನ್ ಹತ್ತಿರ ನಮಗೆ ಹೆಂಡತಿಯರನ್ನು ಕರೆತಂದು ಕೊಡಿ ಅಂತ ಕೇಳಿಕೊಂಡರು. ಅವನು ಸೇಂಟ್ ಹೆಲೆನಾದಿಂದ ಐವರು ಹೆಂಗಸರನ್ನು ಕರೆದುಕೊಂಡು ಬಂದ. ನಗಬೇಡಿ. 2023ರಲ್ಲಿ ನಮ್ಮ ಜಿಲ್ಲೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದರಲ್ಲ. ಈ ಕಥೆಯಲ್ಲಿ ಆ ಐವರ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಬರೆದಿಡಲಿಲ್ಲ. ನಿಮ್ಮ ಬರಹದಲ್ಲಿ ಅವರಿಗೆ ಒಂದು ಸಾಲಾದರೂ ಕೊಡಿ.

ಜಾಗದ ಹೆಸರುಗಳನ್ನೂ ಬರೆದುಕೊಳ್ಳಿ. ನಮ್ಮಲ್ಲಿ ಕೊಪ್ಪಲು ಅಂತ ಕೊನೆಗೊಳ್ಳುವ ಊರು ಎಷ್ಟಿವೆ ಎಣಿಸಿ, ದೊಡ್ಡ ಊರಿಂದ ಒಡೆದು ಹೋದ ಸಣ್ಣ ಕೇರಿಗಳ ಕಥೆ ಅದರಲ್ಲೇ ಇದೆ. ಟ್ರಿಸ್ಟನ್ನಿನವರು ಇನ್ನೂ ನೇರ. 'ಮೇಕೆ ಹಾರಿದ ದಿಬ್ಬ' ಅಂತ ಒಂದು ಜಾಗ, 'ಪಾದ್ರಿ ಸಾಮಾನು ಇಳಿಸಿದ ಕೆಳಗಣ ಜಾಗ' ಅಂತ ಇನ್ನೊಂದು. ಇಂಗ್ಲಿಷಿನಲ್ಲೂ ಹೆಸರು ಇಷ್ಟೇ ಉದ್ದ, ನಕ್ಷೆಯಲ್ಲೂ ಹಾಗೇ ಅಚ್ಚಾಗಿದೆ. ನಮ್ಮಜ್ಜ ಇದ್ದಿದ್ದರೆ ಅವರ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತಿದ್ದರು. ಊರಿಗೆ ಎಡಿನ್‌ಬರ್ಗ್ ಅನ್ನುವ ದೊಡ್ಡ ಹೆಸರು ಬಂದದ್ದು 1867ರಲ್ಲಿ ಎಡಿನ್‌ಬರ್ಗಿನ ಡ್ಯೂಕ್ ಬಂದುಹೋದ ನೆನಪಿಗೆ. ಊರವರು ಮಾತ್ರ ಸೆಟಲ್‌ಮೆಂಟ್ ಅಂತಲೇ ಅನ್ನುತ್ತಾರೆ.

ಏನು ತಿಂದರು, ಏನು ಕಳಕೊಂಡರು

ಊಟದ ಕಥೆ ಬಿಡಬೇಡಿ. ಊರಿನಿಂದ ಸುಮಾರು ಐದು ಕಿಲೋಮೀಟರ್ ಆಚೆ ಕಲ್ಲು ಗೋಡೆ ಕಟ್ಟಿದ ಸಣ್ಣ ಸಣ್ಣ ಆಲೂಗಡ್ಡೆ ಹೊಲಗಳಿವೆ. ನಮಗೆ ರಾಗಿ ಹೇಗೋ ಅವರಿಗೆ ಆಲೂಗಡ್ಡೆ ಹಾಗೆ. 1946ರಲ್ಲಿ ತಮಗೂ ಅಂಚೆ ಚೀಟಿ ಬೇಕು ಅಂತ ಕೇಳಲು ಅವರು ಮಾಡಿಸಿದ ಮಾದರಿ ಚೀಟಿಯ ಮೇಲೆ ಬೆಲೆ ಹೀಗಿತ್ತು: ಒಂದು ಪೆನ್ನಿ ಅಥವಾ ನಾಲ್ಕು ಆಲೂಗಡ್ಡೆ. ಇಲಿಗಳು ಬಂದದ್ದು 1882ರಲ್ಲಿ ದಡಕ್ಕೆ ಬಡಿದ ಒಂದು ಹಡಗಿನಿಂದ, ಅಲ್ಲಿಂದ ಬೆಳೆಗೂ ಹಕ್ಕಿಗಳಿಗೂ ಕಾಟ.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಇಂಡಿಯಾದ ಹಡಗುಗಳು ಆ ಕಡೆ ತಿರುಗಿದವು, ಹಾಯಿ ಹೋಗಿ ಉಗಿ ಹಡಗು ಬಂತು, ತಿಮಿಂಗಿಲ ಬೇಟೆಯೂ ಇಳಿಯಿತು. ಹೈವೇ ಬೈಪಾಸ್ ಆದ ಮೇಲೆ ಹಳೇ ರಸ್ತೆಯ ಹೋಟೆಲುಗಳಿಗೆ ಏನಾಯಿತು ಅಂತ ಮಂಡ್ಯ, ಮದ್ದೂರಿನವರಿಗೆ ಗೊತ್ತಲ್ಲ, ಟ್ರಿಸ್ಟನ್ನಿಗೆ ಆದದ್ದೂ ಅದೇ. ಹಡಗು ಕಂಡರೆ ಸಾಕು, ದೋಣಿ ಹಾಕಿಕೊಂಡು ವ್ಯಾಪಾರಕ್ಕೆ ಓಡುವ ಸ್ಥಿತಿ. 1885ರಲ್ಲಿ ಹಾಗೆ ಒಂದು ಹಡಗಿನ ಕಡೆಗೆ ಹೋದ 15 ಗಂಡಸರು ವಾಪಸ್ ಬರಲಿಲ್ಲ. ಅಷ್ಟು ಚಿಕ್ಕ ಊರಿನಲ್ಲಿ ಹದಿನೈದು ಅಂದರೆ ಹೆಚ್ಚುಕಡಿಮೆ ದುಡಿಯುವ ಗಂಡಸರೆಲ್ಲಾ. ಈ ವಿಷಯವನ್ನು ಚಾರ್ಟಿನಲ್ಲಿ ಬರೆಯುವಾಗ ಬಣ್ಣದ ಪೆನ್ನು ಬೇಡ ಅಂದಳು ನಮ್ಮ ಹುಡುಗಿ.

ಈಗ 1961. ಆಗಸ್ಟಿನಿಂದಲೇ ನೆಲ ನಡುಗುತ್ತಿತ್ತು. ಅಕ್ಟೋಬರಿನಲ್ಲಿ ಊರಿನ ಪಕ್ಕದಲ್ಲೇ ನೆಲ ಉಬ್ಬಿ ಬಿರುಕು ಬಿಟ್ಟಿತು. ಒಂದು ರಾತ್ರಿ ಎಲ್ಲರೂ ಆಲೂಗಡ್ಡೆ ಹೊಲದ ಗುಡಿಸಲುಗಳಲ್ಲಿ ಕಳೆದರು. ಮಾರನೇ ದಿನ ಇಡೀ ಊರು, 260ಕ್ಕೂ ಹೆಚ್ಚು ಜನ, ಮೀನು ಹಡಗುಗಳಲ್ಲಿ ಪಕ್ಕದ ನೈಟಿಂಗೇಲ್ ದ್ವೀಪಕ್ಕೆ ಹೋದರು. ಅಲ್ಲಿಂದ ಒಂದು ಡಚ್ ಹಡಗಿನಲ್ಲಿ ಕೇಪ್ ಟೌನ್, ಆಮೇಲೆ ಇಂಗ್ಲೆಂಡ್. ಲಾವಾ ಸಮುದ್ರಕ್ಕೆ ಇಳಿಯುತ್ತಾ ಸಿಗಡಿ ಕಾರ್ಖಾನೆಯನ್ನೂ ದೋಣಿ ಇಳಿಸುವ ದಂಡೆಯನ್ನೂ ಮುಚ್ಚಿಹಾಕಿತು. ಮನೆಗಳು ಬಹುಪಾಲು ಉಳಿದವು. 1962ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ತಂಡ ಹೋಗಿ ನೋಡಿಕೊಂಡು ಬಂತು.

ಇಂಗ್ಲೆಂಡಿನಲ್ಲಿ ಅವರಿಗೆ ಕಾಲ್‌ಶಾಟ್ ಅನ್ನುವ ಕಡೆ ಮನೆ ಕೊಟ್ಟರು. ಕರೆಂಟು, ಟೀವಿ, ಕೆಲಸ, ಸಂಬಳ ಎಲ್ಲಾ ಇತ್ತು. ಅಲ್ಲೇ ಇರುತ್ತೀರಾ, ವಾಪಸ್ ಹೋಗುತ್ತೀರಾ ಅಂತ ಮತ ಹಾಕಿಸಿದರೆ 148 ಮತ ವಾಪಸ್ ಹೋಗಲು, 5 ಮಾತ್ರ ಬೇಡ ಅಂತ. 1963ರಲ್ಲಿ ಬಹುತೇಕ ಎಲ್ಲರೂ ಮರಳಿದರು. ಆಮೇಲೆ ಕಟ್ಟಿದ ಹೊಸ ಬಂದರಿಗೆ ಕಾಲ್‌ಶಾಟ್ ಅಂತಲೇ ಹೆಸರಿಟ್ಟರು.

ಇದನ್ನು ನಮ್ಮ ತಾಯಿಗೆ ಹೇಳಿದಾಗ ಅವರು ತಕ್ಷಣ ಹಳೇ ಕನ್ನಂಬಾಡಿಯ ಮಾತೆತ್ತಿದರು. ಕೆಆರ್‌ಎಸ್ ಕಟ್ಟಿದಾಗ ಮುಳುಗಿದ ಊರು ಅದು. ಅಲ್ಲಿನವರಿಗೆ ಮತ ಹಾಕುವ ಮಾತೇ ಇರಲಿಲ್ಲ, ಮರಳಲು ಊರೂ ಇರಲಿಲ್ಲ. ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಮಾತ್ರ ಕಲ್ಲು ಕಲ್ಲಾಗಿ ಬಿಚ್ಚಿ ಮೇಲಕ್ಕೆ ತಂದು ಕಟ್ಟಿದ್ದಾರೆ. ಹೋಗಿ ನೋಡಿ, ಹಿನ್ನೀರು ಪಕ್ಕದಲ್ಲೇ ಇದೆ. ಮನೆಯ ಹಿರಿಯರಿಗೆ ನೀವು ಓದಿದ್ದನ್ನು ಹೇಳಿ ಅನ್ನುವುದು ಇದಕ್ಕೇ. ಅವರು ಯಾವ ಪುಸ್ತಕದಲ್ಲೂ ಸಿಗದ ಕಡೆಗೆ ಗಂಟು ಹಾಕುತ್ತಾರೆ.

ಚಿಲ್ಲರೆ ಎಚ್ಚರಿಕೆಗಳು

ಅಂಕಿಗಳು ಒಂದೊಂದು ಕಡೆ ಒಂದೊಂದು ಥರ ಇರುತ್ತವೆ. ಟ್ರಿಸ್ಟನ್ ಅಂದರೆ ಒಂದು ದ್ವೀಪವೂ ಹೌದು, ಸುತ್ತಲಿನ ನೈಟಿಂಗೇಲ್, ಇನ್ಆಕ್ಸೆಸಿಬಲ್, ಗಫ್ ಸೇರಿದ ಗುಂಪೂ ಹೌದು. ವಿಸ್ತೀರ್ಣ ಬರೆಯುವಾಗ ಯಾವುದರದ್ದು ಅಂತ ನೋಡಿ. ಜನಸಂಖ್ಯೆ ಬರೆದರೆ ಯಾವ ವರ್ಷದ್ದು ಅಂತ ಪಕ್ಕದಲ್ಲಿ ಹಾಕಿ, ಒಂದು ಮದುವೆ, ಎರಡು ಹೆರಿಗೆಯಾದರೆ ಅಲ್ಲಿನ ಲೆಕ್ಕ ಬದಲಾಗುತ್ತದೆ. ಕನ್ನಡದಲ್ಲಿ ಹೆಸರು ಹೇಗೆ ಬರೆಯುವುದು ಅನ್ನುವ ಜಗಳ ಬೇಡ, ಕುನ್ಹಾ ಅಂತ ಬರೆದರೂ ಕೂನ್ಯ ಅಂತ ಬರೆದರೂ ಸರಿ, ಕೊನೇ ತನಕ ಒಂದೇ ಇರಲಿ.

ಜ್ವಾಲಾಮುಖಿ ಕಲ್ಲು ಮುಟ್ಟಿ ನೋಡಬೇಕು ಅನ್ನಿಸಿದರೆ ಚಾಮುಂಡಿ ಬೆಟ್ಟಕ್ಕೆ ಹೋಗಬೇಡಿ. ಅದು ಗ್ರಾನೈಟು, ನೆಲದೊಳಗೇ ನಿಧಾನವಾಗಿ ತಣಿದದ್ದು, ಹೊರಗೆ ಉಕ್ಕಲೇ ಇಲ್ಲ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಅಲ್ಲಿ ಆರು ಮೂಲೆ, ಐದು ಮೂಲೆಯ ಕಂಬಗಳಂತೆ ನಿಂತಿರುವ ಕಲ್ಲು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ, ಉಕ್ಕಿ ಬಂದ ಲಾವಾ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ವಿಚಾರಿಸದೆ ಹೊರಟು ನಾವು ಒಂದು ಸಲ ಮೀನೂಟ ಮಾಡಿಕೊಂಡು ಮಂಡ್ಯಕ್ಕೆ ವಾಪಸ್ ಬಂದೆವು. ಕಲ್ಲಿನ ಚೂರು ಜೇಬಿಗೆ ಹಾಕಿಕೊಳ್ಳಬೇಡಿ, ಅದು ರಕ್ಷಿತ ಜಾಗ.

ಕೊನೆಗೆ, ಪುರುಸೊತ್ತಿದ್ದರೆ ಆ ಊರಿನ ಶಾಲೆಗೆ ಒಂದು ಕಾಗದ ಬರೆಯಿರಿ. ಒಂದು ಶಾಲೆ ಇದೆ, ಹೆಸರು ಸೇಂಟ್ ಮೇರೀಸ್. ವಿಳಾಸದಲ್ಲಿ ಪಿನ್‌ಕೋಡ್ ಹಾಕುವುದು ಮರೆಯಬೇಡಿ: ಟಿಡಿಸಿಯು 1ಝಡ್‌ಝಡ್. ಲಕೋಟೆ ಮೇಲೆ ಇದನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಮೊದಲು ಅವರಿಗೆ ಕೋಡ್ ಇರಲಿಲ್ಲ, ಕಾಗದಗಳು ಸ್ಕಾಟ್ಲೆಂಡಿನ ಎಡಿನ್‌ಬರ್ಗಿಗೆ ಹೋಗಿಬಿಡುತ್ತಿದ್ದವು, 2005ರಲ್ಲಿ ಕೊಟ್ಟರು. ನಮ್ಮ ಹುಡುಗಿ ಬರೆದಳು, ಅದರಲ್ಲಿ ಮುದ್ದೆ ಮಾಡುವುದು ಹೇಗೆ ಅಂತ ಚಿತ್ರ ಸಮೇತ ಹಾಕಿ, ಕೆಳಗೆ ಆಲೂಗಡ್ಡೆ ಹಿಟ್ಟಿನಲ್ಲಿ ಬರುತ್ತೋ ಇಲ್ಲವೋ ನೋಡಿ ಹೇಳಿ ಅಂತ ಸೇರಿಸಿದಳು. ಪೋಸ್ಟ್ ಮಾಡಿ ಏಳು ತಿಂಗಳಾಯಿತು. ಕೇಪ್ ಟೌನಿನಲ್ಲಿ ಹಡಗು ಯಾವಾಗ ಹೊರಡುತ್ತದೆ ಅಂತ ಈಗ ಅವಳಿಗೆ ಬಾಯಿಪಾಠ.